ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಆಂಟಿವೈರಸ್ ಒಂದಿದ್ದರೆ ಸಾಕೇ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಅದರಿಂದ ಹುಟ್ಟಿದ ಗೊಂದಲ ಇನ್ನೂ ತಣ್ಣಗಾಗಿಲ್ಲ. ಡೊಂಬಿವಲಿಯಲ್ಲಿ ಹೌಸಿಂಗ್ ಸೊಸೈಟಿಯ ಲೆಕ್ಕ ಬರೆಯುವ ನಿವೃತ್ತರು, ಠಾಣೆಯಲ್ಲಿ ಹೋಟೆಲಿನ ಜಿಎಸ್‌ಟಿ ಕೆಲಸವನ್ನು ರಾತ್ರಿ ಮನೆಯಲ್ಲಿ ಕೂತು ಮುಗಿಸುವವರು, ಮಾಟುಂಗ, ಮುಲುಂಡ್ ಕಡೆ ಸಂಘದ ಸದಸ್ಯರ ಪಟ್ಟಿ, ಆಮಂತ್ರಣ ಪತ್ರಿಕೆ ಟೈಪ್ ಮಾಡುವ ಕಾರ್ಯದರ್ಶಿಗಳು: ಮುಂಬೈ ಕನ್ನಡಿಗರ ಇಂಥ ಎಷ್ಟೋ ಕೆಲಸ ನಡೆಯುವುದು ಏಳೆಂಟು ವರ್ಷ ಹಳೆಯ ಕಂಪ್ಯೂಟರಿನಲ್ಲೇ. ಪರದೆಯ ಮೇಲೆ 'ಬೆಂಬಲ ಮುಗಿದಿದೆ' ಎಂಬ ಸೂಚನೆ ಕಂಡವರಿಗೆ ಸಿಗುವ ಸಲಹೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಂಪ್ಯೂಟರನ್ನೇ ಬದಲಾಯಿಸಬೇಕು ಎನ್ನುತ್ತಾರೆ ಒಬ್ಬರು. ಒಳ್ಳೆಯ ಆಂಟಿವೈರಸ್ ಇದ್ದರೆ ಏನೂ ಆಗದು ಎನ್ನುತ್ತಾರೆ ಇನ್ನೊಬ್ಬರು. ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿದರೆ ಹಳೆಯ ಮೆಷಿನ್ನಿಗೇ ವಿಂಡೋಸ್ 11 ಹಾಕಿಕೊಡುವವರೂ ಸಿಗುತ್ತಾರೆ. ಈ ಮೂರರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯಬೇಕಾದರೆ ಮನೆಯ ಕಂಪ್ಯೂಟರಿಗೆ ವೈರಸ್ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲಿನಿಂದ ನೋಡಬೇಕು.

ನಿಂತದ್ದು ಯಾವುದು, ನಿಲ್ಲದ್ದು ಯಾವುದು

ಕಂಪ್ಯೂಟರ್ ನಿಲ್ಲುವುದಿಲ್ಲ. ವಿಂಡೋಸ್ 10 ಎಂದಿನಂತೆ ತೆರೆದುಕೊಳ್ಳುತ್ತದೆ, ಕಡತಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ. 'ನಿಮ್ಮ ವಿಂಡೋಸ್ ಎಕ್ಸ್‌ಪೈರ್ ಆಗಿದೆ, ಇವತ್ತೇ ರಿನ್ಯೂ ಮಾಡಿಸಿ' ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸವೇ. ಮೈಕ್ರೋಸಾಫ್ಟ್ ಯಾರ ಮನೆಗೂ ತಾನಾಗಿ ಕರೆ ಮಾಡಿ ದುಡ್ಡು ಕೇಳುವುದಿಲ್ಲ.

ನಿಂತಿರುವುದು ತಿಂಗಳಿಗೊಮ್ಮೆ ಬರುತ್ತಿದ್ದ ಭದ್ರತಾ ಪ್ಯಾಚ್. ವಿಂಡೋಸಿನಂಥ ದೊಡ್ಡ ತಂತ್ರಾಂಶದಲ್ಲಿ ಬರೆಯುವಾಗಲೇ ಉಳಿದುಹೋದ ತಪ್ಪುಗಳಿರುತ್ತವೆ. ಅವುಗಳಲ್ಲಿ ಕೆಲವು ಹೊರಗಿನವರು ಒಳನುಸುಳಲು ದಾರಿಯಾಗುತ್ತವೆ. ಅಂಥ ತೂತು ಪತ್ತೆಯಾದಾಗ ಕಂಪನಿ ಅದನ್ನು ಮುಚ್ಚುವ ಪ್ಯಾಚ್ ಬರೆದು, ಪ್ರತಿ ತಿಂಗಳ ಎರಡನೇ ಮಂಗಳವಾರ ಹಂಚುತ್ತದೆ. 2015ರ ಜುಲೈಯಲ್ಲಿ ಹೊರಬಂದ ವಿಂಡೋಸ್ 10ಕ್ಕೆ ಈ ಸೌಲಭ್ಯ ಹತ್ತು ವರ್ಷ ಸಿಕ್ಕಿತು. ಈಗ ಎಲ್ಲರಿಗೂ ತಾನಾಗಿ ಬರುವುದು ನಿಂತಿದೆ. ಆಫೀಸ್ 2016 ಮತ್ತು 2019ರ ಬೆಂಬಲವೂ ಅದೇ ದಿನ ಮುಗಿಯಿತು ಎಂಬುದನ್ನು ಬಹಳ ಜನ ಗಮನಿಸಿಲ್ಲ. ವರ್ಡ್, ಎಕ್ಸೆಲ್ ಕಡತಗಳ ಮೂಲಕ ಬರುವ ವೈರಸ್ಸುಗಳ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ.

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್ಸಿಗೆ ಮಾತ್ರ ವೈರಸ್ ಗುರುತಿನ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ ಎಂದು ಕಂಪನಿ ಹೇಳಿದೆ. ಗೊಂದಲದ ಬೇರು ಇಲ್ಲೇ ಇದೆ. ಆಂಟಿವೈರಸ್ ಅಪ್‌ಡೇಟ್ ಬರುತ್ತಲೇ ಇದೆ, ಹಸಿರು ಗುರುತು ಕಾಣುತ್ತಲೇ ಇದೆ. ಮತ್ತೆ ಅಪಾಯ ಎಲ್ಲಿಂದ?

ಪ್ಯಾಚ್ ಹೊರಬಿದ್ದ ದಿನ ಏನಾಗುತ್ತದೆ

ಪ್ಯಾಚ್ ಹೊರಬಿತ್ತೆಂದರೆ ತೂತು ಎಲ್ಲಿತ್ತು ಎಂಬುದೂ ಹೊರಬಿದ್ದಂತೆ. ಹಳೆಯ ಕಡತ, ಹೊಸ ಕಡತ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವ ಸಾಲು ಬದಲಾಗಿದೆ ಎಂದು ನೋಡುವುದು ದಾಳಿಕೋರರಿಗೆ ನಿತ್ಯದ ಕೆಲಸ. ವಿಂಡೋಸ್ 10 ಮತ್ತು 11ರ ಒಳಗಿನ ಬಹುಪಾಲು ಒಂದೇ. ಹಾಗಾಗಿ 11ಕ್ಕೆ ಬಂದ ಪ್ಯಾಚ್ ಎಷ್ಟೋ ಸಲ 10ರಲ್ಲಿ ಮುಚ್ಚದೆ ಉಳಿದ ತೂತಿನ ವಿಳಾಸವನ್ನೇ ಹೇಳಿಬಿಡುತ್ತದೆ. ತಿಂಗಳು ತಿಂಗಳೂ ಹೀಗೆ ಗುಡ್ಡೆಯಾಗುತ್ತಾ ಹೋಗುತ್ತದೆ. ಬೆಂಬಲ ನಿಂತ ಮರುದಿನ ಏನೂ ಆಗದಿದ್ದುದನ್ನು ನೋಡಿ 'ಸುಮ್ಮನೆ ಹೆದರಿಸಿದರು' ಎನ್ನುವವರು ಈ ಕೂಡಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹಿಂದಿನ ದಾಖಲೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಬ್ಲಾಸ್ಟರ್ ಎಂಬ ವರ್ಮ್ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತನ್ನನ್ನು ತಾನೇ ಹರಡಿಕೊಳ್ಳುವ ವೈರಸ್) ಹರಡಿದ್ದು 2003ರ ಆಗಸ್ಟ್ 11ರಂದು. ಅದು ಬಳಸಿದ ತೂತಿಗೆ ಪ್ಯಾಚ್ ಜುಲೈ 16ಕ್ಕೇ ಬಂದಿತ್ತು. ಸ್ಯಾಸರ್ ವರ್ಮ್ ಬಂದದ್ದು 2004ರ ಏಪ್ರಿಲ್ 30ಕ್ಕೆ, ಪ್ಯಾಚ್ ಬಂದಿದ್ದು ಅದೇ ತಿಂಗಳ 13ಕ್ಕೆ. 2017ರ ಮೇ 12ರಂದು ಜಗತ್ತಿನ ಆಸ್ಪತ್ರೆ, ಕಚೇರಿಗಳನ್ನು ಕಂಗೆಡಿಸಿದ ವಾನಾಕ್ರೈಗೂ ಮಾರ್ಚ್ 14ರಂದೇ ಔಷಧಿ ಸಿದ್ಧವಿತ್ತು. ಮೂರೂ ಸಲ ಪೆಟ್ಟು ತಿಂದವರು ಪ್ಯಾಚ್ ಹಾಕಿಕೊಳ್ಳದವರು.

ಮುಂಬೈಗೆ ಇದರ ಬಿಸಿ ಬೇರೆ ರೀತಿಯಲ್ಲೂ ತಟ್ಟಿದೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವೈರಸ್ ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್‌ನ ಜಾಲಕ್ಕೆ ಹೊಕ್ಕಾಗ, ಅದೇ ಸಮೂಹ ನಡೆಸುವ ನವಿ ಮುಂಬೈಯ ಜೆಎನ್‌ಪಿಟಿ ಬಂದರಿನ ಟರ್ಮಿನಲ್ ಒಂದರ ಕಂಪ್ಯೂಟರುಗಳೂ ಬಿದ್ದು, ಕಂಟೇನರ್ ಕೆಲಸ ಸ್ಥಗಿತಗೊಂಡಿತು. ಅದು ಉಕ್ರೇನಿನಲ್ಲಿ ಹುಟ್ಟಿದ ದಾಳಿ. ಒಂದು ಅಕೌಂಟಿಂಗ್ ತಂತ್ರಾಂಶದ ಅಪ್‌ಡೇಟ್ ಮೂಲಕ ಹೊರಟಿತ್ತು. ವಾನಾಕ್ರೈ ಬಳಸಿದ್ದ ಅದೇ ತೂತನ್ನು ಬಳಸಿತ್ತು. ಜೊತೆಗೆ, ಹೊಕ್ಕ ಕಂಪ್ಯೂಟರಿನ ನೆನಪಿನಿಂದ ಪಾಸ್‌ವರ್ಡ್ ಕದ್ದು, ಪ್ಯಾಚ್ ಹಾಕಿದ್ದ ಪಕ್ಕದ ಕಂಪ್ಯೂಟರಿಗೂ ನುಗ್ಗುತ್ತಿತ್ತು. ಒಂದೇ ವೈಫೈನಲ್ಲಿ ಅಪ್ಪನ ಹಳೆಯ ಡೆಸ್ಕ್‌ಟಾಪ್ ಮತ್ತು ಮಗಳ ಹೊಸ ಲ್ಯಾಪ್‌ಟಾಪ್ ಎರಡೂ ಇರುವ ಮನೆಗೆ ಇದರಿಂದ ಕಲಿಯುವುದಿದೆ: ಹಳೆಯದರಲ್ಲಿ ಟೈಪಿಸಿದ ಪಾಸ್‌ವರ್ಡ್ ಹೊಸದರ ಬೀಗದ ಕೈಯೂ ಆಗಬಾರದು.

ಆದರೂ 2003ರ ಭಯವನ್ನು ಹಾಗೇ ಇವತ್ತಿಗೆ ತರುವುದು ಸರಿಯಲ್ಲ. ಆಗ ಮುಂಬೈಯಲ್ಲಿ ಎಷ್ಟೋ ಮನೆಗಳಿಗೆ ಇಂಟರ್ನೆಟ್ ಬರುತ್ತಿದ್ದುದು ಕೇಬಲ್‌ವಾಲಾ ಟೆರೇಸಿನಿಂದ ಟೆರೇಸಿಗೆ ಎಳೆದ ಲ್ಯಾನ್ ತಂತಿಯಲ್ಲಿ. ಇಡೀ ಬಿಲ್ಡಿಂಗೇ ಒಂದು ಜಾಲ. ಒಂದು ಫ್ಲ್ಯಾಟಿಗೆ ವರ್ಮ್ ಹೊಕ್ಕರೆ ಉಳಿದವುಗಳ ಬಾಗಿಲು ತಟ್ಟುವುದು ಸುಲಭವಿತ್ತು. ಈಗ ನಡುವೆ ವೈಫೈ ರೌಟರ್ ಇದೆ. ಹೊರಗಿನಿಂದ ಕರೆಯದೆ ಬರುವ ಸಂಪರ್ಕವನ್ನು ಅದು ಒಳಬಿಡುವುದಿಲ್ಲ. 2004ರ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ, ಇಂಥದೇ ಕಾವಲು ಕೆಲಸ ಮಾಡುವ ವಿಂಡೋಸಿನ ಫೈರ್‌ವಾಲ್ ಕೂಡ ಮೊದಲಿನಿಂದಲೇ ಚಾಲೂ ಇರುತ್ತದೆ. ಹೀಗಾಗಿ ಮುಚ್ಚದ ತೂತು ಈಗ ಮನೆಯವರಿಗೆ ಮುಳುವಾಗುವುದು ಹೆಚ್ಚಾಗಿ ಅವರೇ ಒಂದು ಪುಟ ಅಥವಾ ಕಡತ ತೆರೆದಾಗ.

ಆಂಟಿವೈರಸ್ ಎಲ್ಲಿಯವರೆಗೆ

ಮಹಾರಾಷ್ಟ್ರದವರಿಗೆ ಆಂಟಿವೈರಸ್ ಎಂದರೆ ಮೊದಲು ನೆನಪಾಗುವುದು ಕ್ವಿಕ್ ಹೀಲ್. ಕೈಲಾಸ್ ಮತ್ತು ಸಂಜಯ್ ಕಾಟ್ಕರ್ ಸೋದರರು ಪುಣೆಯಲ್ಲಿ ಕಟ್ಟಿದ ಕಂಪನಿ ಅದು. ಫ್ಲಾಪಿಯಲ್ಲಿ ವೈರಸ್ ಹರಡುತ್ತಿದ್ದ 1990ರ ದಶಕದಲ್ಲಿ ಶುರುವಾದದ್ದು. ಆ ಕಾಲದಲ್ಲಿ ವೈರಸ್ ಎಂದರೆ ಒಂದು ಕಡತ. ಅದರ ಗುರುತು ಪಟ್ಟಿಯಲ್ಲಿದ್ದರೆ ಹಿಡಿಯಬಹುದಿತ್ತು. ಇವತ್ತಿನ ಆಂಟಿವೈರಸ್ ಗುರುತಿನ ಜೊತೆಗೆ ನಡವಳಿಕೆಯನ್ನೂ ನೋಡುತ್ತದೆ. ನೂರಾರು ಕಡತಗಳನ್ನು ಯಾವುದೋ ಪ್ರೋಗ್ರಾಂ ಒಂದೇ ಸಮನೆ ಬದಲಾಯಿಸುತ್ತಿದ್ದರೆ ತಡೆಯುತ್ತದೆ. ಅದು ಬೇಕೇ ಬೇಕು.

ಆದರೆ ವಿಂಡೋಸಿನ ಅಡಿಪಾಯದಲ್ಲೇ ಇರುವ ತೂತಿನಿಂದ ನುಗ್ಗಿದವನಿಗೆ ಆಂಟಿವೈರಸ್ಸಿಗಿಂತ ಹೆಚ್ಚಿನ ಅಧಿಕಾರ ಸಿಗಬಹುದು. ಆಗ ಅವನು ಮೊದಲು ಮಾಡುವ ಕೆಲಸವೇ ಅದನ್ನು ನಿಲ್ಲಿಸುವುದು. ಬಾಗಿಲ ಚಿಲಕ ಮುರಿದಿರುವಾಗ ಕಾವಲುಗಾರನನ್ನು ಇಟ್ಟರೆ ಸಾಲದು, ಚಿಲಕವನ್ನೂ ರಿಪೇರಿ ಮಾಡಿಸಬೇಕು. ಇನ್ನೊಂದು ಮಾತೂ ಉಂಟು. ಆಂಟಿವೈರಸ್ ಕೂಡ ತಂತ್ರಾಂಶವೇ, ಅದರಲ್ಲೂ ತಪ್ಪಿರಬಹುದು. ಇ-ಸ್ಕ್ಯಾನ್ ಎಂಬ ಆಂಟಿವೈರಸ್ಸಿನ ಅಪ್‌ಡೇಟ್ ಬರುವ ದಾರಿಯನ್ನೇ ದಾಳಿಕೋರರು ಹಿಡಿದು, ಅದರ ಮೂಲಕ ದುಷ್ಟ ತಂತ್ರಾಂಶ ಸೇರಿಸಿದ್ದನ್ನು ಇನ್ನೊಂದು ಆಂಟಿವೈರಸ್ ಕಂಪನಿಯಾದ ಅವಾಸ್ಟ್‌ನ ಸಂಶೋಧಕರು 2024ರ ಏಪ್ರಿಲ್‌ನಲ್ಲಿ ಬಹಿರಂಗಪಡಿಸಿದರು. ಅಪ್‌ಡೇಟುಗಳು ಗೂಢಲಿಪಿಯ ರಕ್ಷಣೆಯಿಲ್ಲದೆ ಸಾಗುತ್ತಿದ್ದುದು ಅದಕ್ಕೆ ಎಡೆಮಾಡಿಕೊಟ್ಟಿತ್ತು. ಆ ದೋಷವನ್ನು 2023ರಲ್ಲೇ ಸರಿಪಡಿಸಲಾಗಿದೆ. ಹೇಳಬೇಕಾದ್ದು ಇಷ್ಟೇ: ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಆಂಟಿವೈರಸ್ ತುಂಬಿದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ. ಚಾಲೂ ಇರುವ ಡಿಫೆಂಡರ್ ಅಥವಾ ದುಡ್ಡು ಕೊಟ್ಟು ಕೊಂಡ ಒಂದು ಉತ್ಪನ್ನ, ಎರಡರಲ್ಲಿ ಒಂದು ಸಾಕು.

ಈಮೇಲ್ ವರ್ಮ್ ವೇಷ ಬದಲಿಸಿದೆ

ತೂತುಗಳ ಬಗ್ಗೆ ಇಷ್ಟು ಹೇಳಿದ ಮೇಲೆ ಎರಡನೆಯ ದಾರಿಗೆ ಬರಬೇಕು. ಮನೆಯ ಮಟ್ಟಿಗೆ ಇದೇ ಹೆಚ್ಚು ಓಡಾಟದ ದಾರಿ.

2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ವರ್ಮ್ ಯಾವ ತೂತನ್ನೂ ಅವಲಂಬಿಸಿರಲಿಲ್ಲ. ಪರಿಚಿತರ ಹೆಸರಿನಿಂದ ಒಂದು ಮೇಲ್, ಜೊತೆಗೊಂದು ಪ್ರೇಮಪತ್ರ. ಆ ಕಡತದ ಹೆಸರಿನ ಕೊನೆಯಲ್ಲಿ 'ಟಿಎಕ್ಸ್‌ಟಿ' ಎಂದಿತ್ತು, ಅದರ ನಂತರ ಇನ್ನೊಂದು ಚುಕ್ಕಿ ಮತ್ತು 'ವಿಬಿಎಸ್' ಎಂದಿತ್ತು. ವಿಂಡೋಸ್ ತನಗೆ ಗೊತ್ತಿರುವ ಕೊನೆಯ ಬಾಲವನ್ನು ಅಡಗಿಸಿ ತೋರಿಸುತ್ತಿದ್ದ ಕಾರಣ ಜನರಿಗೆ ಕಂಡದ್ದು ಬರೀ ಟಿಎಕ್ಸ್‌ಟಿ. ಸಾದಾ ಬರಹವೆಂದು ತೆರೆದರು, ಪ್ರೋಗ್ರಾಂ ಓಡಿತು, ಔಟ್‌ಲುಕ್ಕಿನ ವಿಳಾಸ ಪಟ್ಟಿಯಲ್ಲಿದ್ದ ಎಲ್ಲರಿಗೂ ಅದೇ ಪತ್ರ ಹೋಯಿತು. ಆಶ್ಚರ್ಯವೆಂದರೆ ಇವತ್ತಿನ ವಿಂಡೋಸ್ ಕೂಡ ಆ ಬಾಲವನ್ನು ಮೊದಲಿನಿಂದಲೇ ಅಡಗಿಸಿಡುತ್ತದೆ. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಪಟ್ಟಿಗೆ ಹೋಗಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಗುರುತು ಹಾಕಿದರೆ ಪೂರ್ಣ ಹೆಸರು ಕಾಣುತ್ತದೆ. ಅರ್ಧ ನಿಮಿಷದ ಕೆಲಸ. ಮದುವೆಯ ಕರೆಯೋಲೆಯೋ ಬಿಲ್ಲೋ ಎಂದುಕೊಂಡು ತೆರೆಯಹೊರಟ ಕಡತದ ಕೊನೆಯಲ್ಲಿ ಇಎಕ್ಸ್‌ಇ, ಜೆಎಸ್, ವಿಬಿಎಸ್ ಎಂದಿದ್ದರೆ ಅಲ್ಲಿಗೇ ಕೈ ನಿಲ್ಲಿಸಬಹುದು.

ಮೇಲ್ ಸೇವೆಗಳು ಇಂಥ ಕಡತಗಳನ್ನು ತಡೆಯತೊಡಗಿದವು. 2022ರಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್ಟಿನಿಂದ ಬಂದ ಆಫೀಸ್ ಕಡತಗಳ ಮ್ಯಾಕ್ರೋಗಳನ್ನೂ (ಕಡತದೊಳಗೇ ಓಡುವ ಸಣ್ಣ ಪ್ರೋಗ್ರಾಂಗಳನ್ನೂ) ಮುಚ್ಚಿಹಾಕಿತು. ಒಂದು ದಾರಿ ಮುಚ್ಚಿದಾಗ ದಾಳಿಕೋರರು ಇನ್ನೊಂದು ಹುಡುಕಿದರು. ಮೇಲ್ ಸೇವೆ ಒಳಗೆ ಇಣುಕದಂತೆ ಜಿಪ್ ಕಡತಕ್ಕೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಅದೇ ಪತ್ರದಲ್ಲಿ ಬರೆದು ಕಳಿಸುವುದು ಒಂದು. ಮೇಲ್ ಬಿಟ್ಟು ಚಾಟ್‌ಗೆ ಹೋದದ್ದು ಇನ್ನೊಂದು: 2025ರಲ್ಲಿ ಬ್ರೆಜಿಲ್‌ನಲ್ಲಿ ಹರಡಿದ ವರ್ಮ್ ಒಂದು, ಕಂಪ್ಯೂಟರಿನಲ್ಲಿ ತೆರೆದಿಟ್ಟ ವಾಟ್ಸಾಪ್ ವೆಬ್ ಮೂಲಕ ಬಳಕೆದಾರರ ಎಲ್ಲ ಪರಿಚಿತರಿಗೂ ಗುಂಪುಗಳಿಗೂ ತನ್ನ ಜಿಪ್ ಕಡತವನ್ನು ತಾನೇ ಕಳಿಸಿತು. ಕಾಲು ಶತಮಾನದ ಹಿಂದಿನ ಪ್ರೇಮಪತ್ರದ ಯುಕ್ತಿಯೇ ಅದು. ಊರಿನವರು, ಸಂಘದವರು, ಸೊಸೈಟಿಯವರು ಎಲ್ಲ ಗುಂಪುಗಳಲ್ಲೇ ಮಾತಾಡುವ ನಮ್ಮವರು ಗಮನಿಸಲೇಬೇಕಾದ ಬೆಳವಣಿಗೆ.

ಇನ್ನೂ ಕುಟಿಲವಾದದ್ದು ಕ್ಲಿಕ್‌ಫಿಕ್ಸ್. ಯಾವುದೋ ಜಾಲತಾಣದಲ್ಲಿ 'ನೀವು ರೋಬೋಟ್ ಅಲ್ಲ ಎಂದು ಖಚಿತಪಡಿಸಿ' ಎಂಬ ಪೆಟ್ಟಿಗೆ ಬರುತ್ತದೆ. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ನಂತರ ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಮಾಡಿ ಎನ್ನುತ್ತದೆ. ನೀವು ಆ ಪೆಟ್ಟಿಗೆ ಮುಟ್ಟಿದಾಗಲೇ ಆ ಪುಟ ಒಂದು ಆಜ್ಞೆಯನ್ನು ನಿಮ್ಮ ಕ್ಲಿಪ್‌ಬೋರ್ಡಿಗೆ ಸೇರಿಸಿರುತ್ತದೆ. ನಿಮ್ಮ ಕೈಯಿಂದಲೇ ಅದು ರನ್ ಪೆಟ್ಟಿಗೆಗೆ ಬಿದ್ದು, ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನು ಎಳೆದು ತರುತ್ತದೆ. ಅದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳ ಜೊತೆ ಕುಕಿಗಳನ್ನೂ ಒಯ್ಯುತ್ತದೆ. ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಎಂಬುದಕ್ಕೆ ಕುಕಿಯೇ ಗುರುತುಚೀಟಿಯಾದ್ದರಿಂದ, ಕದ್ದವನಿಗೆ ನಿಮ್ಮ ಮೇಲ್ ತೆರೆಯಲು ಒಟಿಪಿ ಕೂಡ ಬೇಕಾಗುವುದಿಲ್ಲ. ಇಲ್ಲಿ ವಿಂಡೋಸ್ 11 ಇದ್ದರೂ ಅಷ್ಟೇ, 10 ಇದ್ದರೂ ಅಷ್ಟೇ. ಯಾವ ನಿಜವಾದ ಜಾಲತಾಣವೂ ರನ್ ಪೆಟ್ಟಿಗೆ ತೆರೆಯಿರಿ ಎಂದು ಹೇಳುವುದಿಲ್ಲ. ಮನೆಯ ಹಿರಿಯರಿಗೂ ಮಕ್ಕಳಿಗೂ ಇದೊಂದನ್ನು ಕೂರಿಸಿಕೊಂಡು ತೋರಿಸಿಕೊಟ್ಟರೆ ಎಷ್ಟೋ ಅನಾಹುತ ತಪ್ಪುತ್ತದೆ.

ಯಾರ ವಾದ ಏನು

ಮೈಕ್ರೋಸಾಫ್ಟ್ ಹೇಳುವುದು ಹೀಗೆ: ಹೊಸ ಕಾಲದ ದಾಳಿಗೆ ಹೊಸ ಯಂತ್ರಾಂಶವೇ ಬೇಕು. ಅದಕ್ಕಾಗಿ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಚಿಪ್, ನಂಬಲರ್ಹ ತಂತ್ರಾಂಶದಿಂದಷ್ಟೇ ಕಂಪ್ಯೂಟರ್ ಶುರುವಾಗುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್, ಹೆಚ್ಚುಕಡಿಮೆ ಇಂಟೆಲ್ ಎಂಟನೇ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಕಡ್ಡಾಯ. ಟಿಪಿಎಂ ಚಿಪ್ ಗುಪ್ತ ಕೀಲಿಗಳನ್ನು ಪ್ರತ್ಯೇಕವಾಗಿ ಕಾಪಾಡುತ್ತದೆ. ಲ್ಯಾಪ್‌ಟಾಪ್ ಕಳವಾದರೆ ಹಾರ್ಡ್ ಡಿಸ್ಕ್ ಓದಲಾಗದಂತೆ ಮಾಡಲು, ವಿಂಡೋಸ್ ಶುರುವಾಗುವ ಮುನ್ನವೇ ಹೊಕ್ಕುವ ವೈರಸ್ ಪತ್ತೆಗೆ ಅದು ನೆರವಾಗುತ್ತದೆ.

ಗ್ರಾಹಕ ಸಂಘಟನೆಗಳ ಆಕ್ಷೇಪ ಬೇರೆ. ಸರಿಯಾಗಿ ಓಡುತ್ತಿರುವ ಕಂಪ್ಯೂಟರುಗಳನ್ನು ತಂತ್ರಾಂಶದ ನಿರ್ಧಾರವೊಂದರಿಂದ ಗುಜರಿಗೆ ತಳ್ಳಲಾಗುತ್ತಿದೆ ಎಂಬುದು ಅವರ ದೂರು. ಸುಮಾರು 24 ಕೋಟಿ ಕಂಪ್ಯೂಟರುಗಳು ಹೀಗೆ ತ್ಯಾಜ್ಯವಾಗಬಹುದು ಎಂದು ಮಾರುಕಟ್ಟೆ ಅಧ್ಯಯನ ನಡೆಸುವ ಕ್ಯಾನಲಿಸ್ ಸಂಸ್ಥೆ 2023ರ ಕೊನೆಯಲ್ಲಿ ಅಂದಾಜಿಸಿತ್ತು. ಅಮೆರಿಕದ ಗ್ರಾಹಕ ಸಂಘಟನೆ ಕನ್ಸ್ಯೂಮರ್ ರಿಪೋರ್ಟ್ಸ್ ಬೆಂಬಲ ಮುಂದುವರಿಸುವಂತೆ ಕಂಪನಿಯನ್ನು ಕೇಳಿಕೊಂಡಿತ್ತು. ಐರೋಪ್ಯ ಪ್ರದೇಶದವರಿಗೆ ಹೆಚ್ಚುವರಿ ಒಂದು ವರ್ಷದ ಪ್ಯಾಚ್ ಸಡಿಲ ಷರತ್ತಿನಲ್ಲಿ ಉಚಿತವಾಗಿ ಸಿಕ್ಕಿದ್ದು ಇಂಥ ಒತ್ತಡದಿಂದಲೇ.

ನನ್ನ ತೀರ್ಮಾನದಲ್ಲಿ ಗ್ರಾಹಕರ ವಾದಕ್ಕೆ ತೂಕ ಹೆಚ್ಚು. ಟಿಪಿಎಂ ಒಳ್ಳೆಯದೇ. ಆದರೆ ಮೇಲೆ ಹೇಳಿದ ಕುಕಿ ಕಳ್ಳತನ, ವಾಟ್ಸಾಪ್ ವರ್ಮ್ ಯಾವುದನ್ನೂ ಆ ಚಿಪ್ ತಡೆಯುವುದಿಲ್ಲ. ಪ್ಯಾಚ್ ಬರೆಯುವ ಕೆಲಸ ಹೇಗೂ ನಡೆಯುತ್ತಿರುವಾಗ ಅದನ್ನು ಬಡ, ಮಧ್ಯಮ ವರ್ಗದ ಮನೆಗಳಿಗೆ ನಿಲ್ಲಿಸುವುದು ನ್ಯಾಯವಲ್ಲ. ಪ್ಯಾಚ್ ಇಲ್ಲದ ಒಂದೊಂದು ಕಂಪ್ಯೂಟರೂ ಬೇರೆಯವರ ಮೇಲಿನ ದಾಳಿಗೆ ಹತಾರವಾಗುತ್ತದೆ. ಆದರೆ ಕಂಪನಿ ಮನಸ್ಸು ಬದಲಿಸಲಿ ಎಂದು ಕಾಯುತ್ತಾ ಮನೆಯ ಕಂಪ್ಯೂಟರನ್ನು ಹಾಗೇ ಬಿಡುವಂತಿಲ್ಲ.

ಹಳೆಯ ಕಂಪ್ಯೂಟರಿಗೆ ಇರುವ ದಾರಿಗಳು

ಮೊದಲನೆಯದು, ಹೆಚ್ಚು ಜನರಿಗೆ ತಿಳಿಯದೆ ಉಳಿದದ್ದು: ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ. ಇದು ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗಿನ ಪ್ಯಾಚ್ ಕೊಡುತ್ತದೆ. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು, ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋಗಿ 'ಎನ್‌ರೋಲ್' ಒತ್ತಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗುಗಳನ್ನು ಅವರ ಕ್ಲೌಡಿಗೆ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡಿಲ್ಲ. ಒಪ್ಪದವರಿಗೆ 30 ಡಾಲರ್ ಅಥವಾ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ. ಒಂದು ಸಲ ಪಡೆದದ್ದು ಅದೇ ಖಾತೆಯ 10 ಕಂಪ್ಯೂಟರುಗಳಿಗೆ ಸಾಕು. ಇದು ಉಸಿರಾಡಲು ಸಿಕ್ಕ ಸಮಯವೇ ಹೊರತು ಶಾಶ್ವತ ಪರಿಹಾರವಲ್ಲ.

ಹೊಸದು ಕೊಳ್ಳಲಾಗದವರು ಸೆಕೆಂಡ್ ಹ್ಯಾಂಡ್ ಕಡೆ ನೋಡುವುದು ಸಹಜ. ಕಚೇರಿಗಳು ಕೈಬಿಡುವ ಲ್ಯಾಪ್‌ಟಾಪುಗಳು ಅಗ್ಗವಾಗಿ ಸಿಗುತ್ತವೆ. ಅಲ್ಲಿ ನೋಡಬೇಕಾದ್ದು ಪ್ರೊಸೆಸರಿನ ಸಂಖ್ಯೆ. ಐ5-7200ಯು ಎಂದಿದ್ದರೆ ಅದು ಏಳನೇ ಪೀಳಿಗೆ, ವಿಂಡೋಸ್ 11ಕ್ಕೆ ಅಧಿಕೃತವಾಗಿ ಸಲ್ಲದು. ಐ5-8250ಯು ಎಂದಿದ್ದರೆ ಸಲ್ಲುತ್ತದೆ. ಹೊರಗಿನ ಹೊಳಪು ಒಂದೇ ಥರ ಕಂಡರೂ ಈ ಒಂದು ಅಂಕಿಯಲ್ಲಿ ವರ್ಷಗಟ್ಟಲೆ ಆಯಸ್ಸಿನ ವ್ಯತ್ಯಾಸವಿದೆ. ವಿಂಡೋಸ್ 11 ಮಾಡುವ ಯಂತ್ರಾಂಶದ ತಪಾಸಣೆಯನ್ನು ತಪ್ಪಿಸಿ ಹಳೆಯದಕ್ಕೆ ಅದನ್ನು ಹಾಕಿಸಿದರೆ ಓಡಬಹುದು, ಆದರೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಕಂಪನಿ ಕೊಡುವುದಿಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್ ಮಾತ್ರ ಬೇಡವೇ ಬೇಡ. ಅದನ್ನು ಸಕ್ರಿಯಗೊಳಿಸುವ ಸಾಧನ ಓಡಿಸುವ ಮೊದಲು ಆಂಟಿವೈರಸ್ ಆಫ್ ಮಾಡಿ ಎನ್ನುತ್ತಾರೆ. ವೈರಸ್ ಹಾಕುವವನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ.

ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್, ಉಬುಂಟು ಹಳೆಯ ಯಂತ್ರದಲ್ಲೂ ಚೆನ್ನಾಗಿ ಓಡುತ್ತವೆ, ಪ್ಯಾಚ್ ಉಚಿತವಾಗಿ ಬರುತ್ತದೆ. ಮೇಲ್, ಬ್ಯಾಂಕ್, ಯೂಟ್ಯೂಬ್ ಅಷ್ಟೇ ಸಾಕೆನ್ನುವವರಿಗೆ ಧಾರಾಳ. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದಾದ್ದರಿಂದ ಹೋಟೆಲ್ ಲೆಕ್ಕದವರಿಗೆ ಇದು ಒಗ್ಗುವುದಿಲ್ಲ.

ನುಡಿ, ಬರಹದ ಹಳೆಯ ಕಡತಗಳು

ಕನ್ನಡಿಗರು ಕಂಪ್ಯೂಟರ್ ಬದಲಿಸಲು ಹಿಂಜರಿಯುವುದಕ್ಕೆ ಒಂದು ನಿಜವಾದ ಕಾರಣವಿದೆ. ಸಂಘದ ಹಳೆಯ ವರದಿ, ಸ್ಮರಣ ಸಂಚಿಕೆಯ ಲೇಖನಗಳೆಲ್ಲ 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಆಗ ಜನ 'ಕನ್ನಡ ಫಾಂಟ್ ಫ್ರೀ' ಎಂದು ಹುಡುಕಿ ಸಿಕ್ಕಿದ ತಾಣದಿಂದ ಇಳಿಸಿಕೊಳ್ಳುತ್ತಾರೆ. ವೈರಸ್ಸಿಗೆ ಇದು ಸಲೀಸಾದ ದಾರಿ. ಫಾಂಟ್ ಎಂಬ ಹೆಸರಿನಲ್ಲಿ ಇಎಕ್ಸ್‌ಇ ಕಡತ ಬಂದರೆ ಅನುಮಾನಿಸಬೇಕು. ತಂತ್ರಾಂಶವನ್ನು ಅದನ್ನು ಮಾಡಿದವರ ತಾಣದಿಂದಲೇ ತರಬೇಕು. ಹಳೆಯ ಯಂತ್ರ ಇನ್ನೂ ಸರಿಯಾಗಿರುವಾಗಲೇ ಮುಖ್ಯ ಕಡತಗಳನ್ನು ಎಲ್ಲ ಕಂಪ್ಯೂಟರುಗಳಿಗೂ ಗೊತ್ತಿರುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಪರಿವರ್ತಿಸಿ, ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಮಾಡಿಟ್ಟುಕೊಂಡರೆ ಯಾವ ಕಂಪ್ಯೂಟರಿನಲ್ಲೂ ಓದಬಹುದು. ಹೊಸದಾಗಿ ಬರೆಯಲು ವಿಂಡೋಸಿನಲ್ಲೇ ಕನ್ನಡ ಕೀಲಿಮಣೆ ಇದೆ.

ಈ ಪ್ರತಿಗಳನ್ನು ಇಡುವ ಹಾರ್ಡ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಳಚಿ ಕಪಾಟಿನಲ್ಲಿಡಬೇಕು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್, ಜೋಡಿಸಿಟ್ಟ ಡಿಸ್ಕ್, ಪೆನ್ ಡ್ರೈವ್ ಯಾವುದನ್ನೂ ಬಿಡುವುದಿಲ್ಲ. ನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಒಂದು ಸಾದಾ ಖಾತೆ ಮಾಡಿಕೊಳ್ಳುವುದೂ ಒಳ್ಳೆಯದು. ತಪ್ಪಿ ಏನಾದರೂ ಓಡಿಸಿದರೆ ಇಡೀ ವಿಂಡೋಸ್ ಅದರ ವಶವಾಗುವುದು ಅಷ್ಟು ಸುಲಭವಲ್ಲ.

ಹೊಕ್ಕಿದೆ ಎಂಬ ಅನುಮಾನ ಬಂದರೆ

ಮೊದಲು ವೈಫೈ ಆಫ್ ಮಾಡಿ. ನಂತರ ಫೋನಿನಿಂದ ಅಥವಾ ಬೇರೆ ಕಂಪ್ಯೂಟರಿನಿಂದ ಮೇಲ್ ಪಾಸ್‌ವರ್ಡ್ ಬದಲಿಸಿ, 'ಎಲ್ಲ ಸಾಧನಗಳಿಂದ ಸೈನ್ ಔಟ್' ಎಂಬುದನ್ನೂ ಒತ್ತಿ. ಕದ್ದ ಕುಕಿ ಸಾಮಾನ್ಯವಾಗಿ ಅದರಿಂದ ಕೆಲಸಕ್ಕೆ ಬಾರದಂತಾಗುತ್ತದೆ. ಆಮೇಲೆ ಬ್ಯಾಂಕಿನದು. ವಾಟ್ಸಾಪ್‌ನ 'ಲಿಂಕ್ಡ್ ಡಿವೈಸಸ್' ಪಟ್ಟಿಯಲ್ಲಿರುವ ಆ ಕಂಪ್ಯೂಟರನ್ನು ತೆಗೆದುಹಾಕಿ, ಕಡತ ಹೋಗಿರಬಹುದಾದ ಗುಂಪುಗಳಿಗೆ ತೆರೆಯಬೇಡಿ ಎಂದು ತಿಳಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು: ಕದ್ದ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಬೇಗ ಬೇಗ ಸಾಗುತ್ತದೆ, ದೂರು ಮೊದಲೇ ಸಿಕ್ಕರೆ ಬ್ಯಾಂಕುಗಳು ನಡುವೆಯೇ ಅದನ್ನು ತಡೆಹಿಡಿಯಬಲ್ಲವು. ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದಲೂ ಶುಚಿಗೊಳಿಸುವ ಸಾಧನಗಳನ್ನು ಉಚಿತವಾಗಿ ಕೊಡುತ್ತಿದೆ. ಆದರೂ ಪಾಸ್‌ವರ್ಡ್ ಕಳ್ಳ ಹೊಕ್ಕ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದೇ ಲೇಸು. ಫಾರ್ಮ್ಯಾಟ್ ಆದ ಮೇಲೆ ಬ್ಯಾಕಪ್‌ನಿಂದ ಬರಹ, ಫೋಟೋ, ಲೆಕ್ಕದ ಕಡತಗಳನ್ನಷ್ಟೇ ಮರಳಿ ತನ್ನಿ; ಪ್ರೋಗ್ರಾಂಗಳನ್ನು ಹೊಸದಾಗಿಯೇ ಇಳಿಸಿಕೊಳ್ಳಿ.